ದೋಷವನ್ನರಸುವ ವಿದ್ಯೆ

(ಶಾಲೆಯ ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂತಹ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯನಾದವನು ಶಿಸ್ತು, ಸಮಯಪಾಲನೆ, ಪರೀಕ್ಷೆಯ ಫಲಿತಾಂಶ ಇವುಗಳ ವಿಷಯವಾಗಿ ನಾಲ್ಕು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನೀವು ವರ್ಷವೆಲ್ಲ ಕೇಳಿಯೇ ಇದ್ದೀರಿ. ಆದುದರಿಂದ ಇಂದು ಬೇರೊಂದು ವಿಷಯವನ್ನು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಕೆಟ್ಟು ನಿಂತ ಯಂತ್ರದಲ್ಲಿ ದೋಷವೆಲ್ಲಿದೆಯೆಂದು ಕಂಡುಹಿಡಿಯುವ ಬಗೆ ಹೇಗೆ ಎಂಬುದೇ ಆ ವಿಷಯ. ಇದು ಮಿಸ್ತ್ರಿಗಳ ಮಾತು, ಶಾಲೆಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ತೋರಬಹುದು. ಆದರೆ ಪೆದ್ದೆಮುಲ್ ಸುತ್ತಣ ಹೊಲಗಳಲ್ಲಿ ಬೋರಿನ ನೀರೆತ್ತುವುದು ಮೋಟಾರು. ತಾಂಡೂರಿನ ಕಾರ್ಖಾನೆಗಳಲ್ಲಿ ಫರ್ಸಿ ಕಲ್ಲನ್ನು ಕೊಯ್ದು ನುಣುಪು ಮಾಡುವುದೂ ಮೋಟಾರೇ. ಇಲ್ಲಿ ಕುಳಿತಿರುವ ಅನೇಕರ ಮನೆಯ ಅನ್ನ ಇವುಗಳನ್ನು ನಂಬಿಕೊಂಡಿದೆ. ಹೀಗಿರುವಾಗ ಯಂತ್ರ ಕೆಟ್ಟರೆ ಹೇಗೆ ಯೋಚಿಸಬೇಕೆಂಬುದನ್ನು ಕಲಿಯುವುದು ಕೂಡ ವಿದ್ಯೆಯ ಒಂದು ಭಾಗವೇ ಸರಿ.

ವಿಷಯವನ್ನು ವಿವರಿಸಲು ನಾನು ಒಂದು ಆಟದ ಯಂತ್ರವನ್ನು ಆರಿಸಿಕೊಂಡಿದ್ದೇನೆ. ಜಾತ್ರೆಯ ಅಂಗಡಿಗಳಲ್ಲಿ ಮಾರುವ ಮೊಳೆಹಲಗೆಯ ಗೋಲಿ ಆಟವನ್ನು ಬಹುಮಂದಿ ಮಕ್ಕಳು ಕಂಡಿರಬಹುದು. ಸ್ಪ್ರಿಂಗಿನ ಕಡ್ಡಿಯನ್ನು ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಚಿಮ್ಮಿ, ಮೊಳೆಗಳಿಗೆ ತಾಗುತ್ತ ಕೆಳಗಿಳಿದು ಒಂದು ಅಂಕದ ಮನೆಯಲ್ಲಿ ನಿಲ್ಲುತ್ತದೆ. ಈ ಸ್ಪ್ರಿಂಗಿನ ಏರ್ಪಾಟಿಗೆ ೧೮೭೧ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತನು ಪೇಟೆಂಟು ಪಡೆದನು. ೧೯೩೧ರಲ್ಲಿ ಚಿಕಾಗೋ ನಗರದ ಗಾಟ್ಲೀಬ್ ಕಂಪನಿಯು ನಾಣ್ಯ ಹಾಕಿ ಆಡುವ ಇಂತಹ ಮೇಜುಗಳನ್ನು ಬಹು ಸಂಖ್ಯೆಯಲ್ಲಿ ತಯಾರಿಸಿತು. ೧೯೩೩ರಲ್ಲಿ ಹ್ಯಾರಿ ವಿಲಿಯಮ್ಸ್ ಎಂಬವನು ಬ್ಯಾಟರಿಯ ವಿದ್ಯುತ್ತನ್ನು ಈ ಆಟದೊಳಕ್ಕೆ ತಂದನು. ೧೯೪೭ರಲ್ಲಿ ಆಟಗಾರನು ಗುಂಡಿ ಒತ್ತಿದೊಡನೆ ಚೆಂಡನ್ನು ಹೊಡೆದು ಮೇಲಕ್ಕಟ್ಟುವ ಪುಟ್ಟ ಕೈಗಳು ಬಂದವು; ಅವಕ್ಕೆ ಫ್ಲಿಪ್ಪರ್ ಎಂದು ಹೆಸರು. ಇದೇ ಪಿನ್‌ಬಾಲ್ ಯಂತ್ರ. ಜೂಜೆಂಬ ಕಾರಣದಿಂದ ನ್ಯೂಯಾರ್ಕ್ ನಗರದಲ್ಲಿ ೧೯೪೨ರಿಂದ ೧೯೭೬ರವರೆಗೆ ಇದಕ್ಕೆ ನಿಷೇಧವಿತ್ತು. ನಾನು ನಿಮಗೆ ಆಟವನ್ನು ಹೊಗಳಲು ಬಂದವನಲ್ಲ. ಅದರ ಹೊಟ್ಟೆಯೊಳಗನ್ನು ತೋರಿಸಲು ಬಂದವನು.

೧೯೭೦ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ಸ್ ಬರುವವರೆಗೂ ಈ ಯಂತ್ರದಲ್ಲಿ ಗಣಕದಂತಹ ಮಿದುಳು ಯಾವುದೂ ಇರಲಿಲ್ಲ. ಒಂದು ಟ್ರಾನ್ಸ್‌ಫಾರ್ಮರು ಮನೆಯ ವಿದ್ಯುತ್ತನ್ನು ಸುಮಾರು ೨೫ರಿಂದ ೫೦ ವೋಲ್ಟಿಗೆ ಇಳಿಸುವುದು. ಆ ಪ್ರವಾಹವು ತಂತಿಯ ಸುರುಳಿಯಲ್ಲಿ ಹರಿದಾಗ ಸುರುಳಿಯು ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆಯುವುದು. ಎಳೆತಕ್ಕೆ ಸಿಕ್ಕ ಕಬ್ಬಿಣವು ಚೆಂಡನ್ನು ಒದೆಯಬಹುದು, ಅಂಕದ ಚಕ್ರವನ್ನು ಒಂದು ಹಲ್ಲು ಮುಂದಕ್ಕೆ ತಳ್ಳಬಹುದು, ಇಲ್ಲವೆ ಬೇರೊಂದು ಸಂಪರ್ಕವನ್ನು ಮುಚ್ಚಬಹುದು ಅಥವಾ ತೆರೆಯಬಹುದು. ಈ ಕೊನೆಯ ಕೆಲಸ ಮಾಡುವ ಸಾಧನಕ್ಕೆ ರಿಲೇ ಎಂದು ಹೆಸರು. ಅಂಕದ ಚಕ್ರಗಳ ಮೇಲೆ ೦ಯಿಂದ ೯ರವರೆಗೆ ಅಂಕಿಗಳಿರುತ್ತವೆ. ಹತ್ತರ ಚಕ್ರವು ೯ರಲ್ಲಿ ಬಂದು ನಿಂತಾಗ ಅದರ ಬದಿಯ ಒಂದು ಸಂಪರ್ಕ ಸಿದ್ಧವಾಗುವುದು. ಮುಂದಿನ ಏಟಿಗೆ ಆ ಚಕ್ರ ೦ಗೆ ಹೋಗುವುದರೊಡನೆ ನೂರರ ಚಕ್ರವೂ ಒಂದು ಮನೆ ಮುಂದೆ ಸರಿಯುವುದು. ಸಂಕಲನ ಮಾಡುವಾಗ ನೀವು ‘ಕೈಯಲ್ಲಿ ಒಂದು’ ಎನ್ನುತ್ತೀರಲ್ಲ, ಅದನ್ನೇ ಈ ಹಿತ್ತಾಳೆಯ ಎಲೆಗಳು ಮೌನವಾಗಿ ಮಾಡುತ್ತವೆ.

ಈಗ ದೋಷದ ಮಾತಿಗೆ ಬರೋಣ. ಚೆಂಡು ಹತ್ತು ಅಂಕದ ಗುರಿಗೆ ತಾಗಿತು. ಆದರೆ ಅಂಕ ಏರಲಿಲ್ಲ ಎಂದಿಟ್ಟುಕೊಳ್ಳಿ. ಅವಸರದವನು ಕಂಡ ಕಂಡ ತಿರುಪುಗಳನ್ನೆಲ್ಲ ತಿರುಗಿಸುತ್ತಾನೆ, ನೆಟ್ಟಗಿದ್ದ ಸಂಪರ್ಕಗಳನ್ನೂ ಬಗ್ಗಿಸುತ್ತಾನೆ. ಒಂದು ದೋಷವಿದ್ದಲ್ಲಿ ಐದು ಆಗುತ್ತವೆ. ವಿವೇಕಿಯು ಮೊದಲು ಕಾರ್ಯಕಾರಣದ ಸರಪಳಿಯನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ. ಚೆಂಡು ಗುರಿಯ ಸಂಪರ್ಕವನ್ನು ಮುಚ್ಚಬೇಕು. ಅದರಿಂದ ಹತ್ತಂಕದ ರಿಲೇ ಎಳೆಯಬೇಕು. ರಿಲೇಯ ಸಂಪರ್ಕದಿಂದ ಚಕ್ರದ ಸುರುಳಿಗೆ ಪ್ರವಾಹ ಹೋಗಬೇಕು. ಸುರುಳಿಯ ಎಳೆತದಿಂದ ಚಕ್ರ ತಿರುಗಬೇಕು. ಇನ್ನು ಅವನು ಸರಪಳಿಯ ನಟ್ಟನಡುವೆ ನಿಂತು ಪ್ರಶ್ನೆ ಕೇಳುತ್ತಾನೆ. ಒಣ ಮರದ ಕಡ್ಡಿಯಿಂದ ರಿಲೇಯನ್ನು ಮೆಲ್ಲನೆ ಒತ್ತುತ್ತಾನೆ. ಚಕ್ರ ತಿರುಗಿತೋ, ರಿಲೇಯ ಸಂಪರ್ಕದಿಂದ ಮುಂದಿನದೆಲ್ಲ ಸರಿಯಾಗಿದೆ, ದೋಷ ಹಿಂದಿದೆ. ತಿರುಗಲಿಲ್ಲವೋ, ಮೊದಲು ಮುಂದಿನ ಭಾಗವನ್ನು ನೋಡಬೇಕು. ಒಂದೇ ಪ್ರಶ್ನೆಗೆ ಅರ್ಧ ಯಂತ್ರವು ಸಂದೇಹದಿಂದ ಬಿಡುಗಡೆ ಹೊಂದಿತು. ಬಳಿಕ ವಿದ್ಯುತ್ತನ್ನು ಕಡಿದು ಚಕ್ರವನ್ನು ಬೆರಳಿನಿಂದ ಆಡಿಸಿ ನೋಡುತ್ತಾನೆ. ಹಳೆಯ ಎಣ್ಣೆ ಅಂಟಾಗಿ ಚಕ್ರ ಬಿಗಿದಿದ್ದರೆ ಅದನ್ನು ಒರೆಸಿ ಶುಚಿ ಮಾಡಿದರೆ ಸಾಕು. ಚಕ್ರ ಸಲೀಸಾಗಿದ್ದರೆ ಸಂಪರ್ಕದಲ್ಲಿ ಕೊಳೆಯಿದೆಯೋ, ಸುರುಳಿಯ ತಂತಿ ಕಡಿದಿದೆಯೋ ನೋಡಬೇಕು. ಕೊಳೆಯನ್ನು ಎಲೆಗಳ ನಡುವೆ ದಪ್ಪ ಕಾಗದದ ಪಟ್ಟಿಯನ್ನು ಎಳೆದು, ಇಲ್ಲವೆ ಬಹು ನುಣುಪಾದ ಅರದಿಂದ ತೆಗೆಯಬಹುದು. ತೊಂಬತ್ತರ ನಂತರ ನೂರಾಗದೆ ಮತ್ತೆ ಸೊನ್ನೆಗೇ ಮರಳುವ ಯಂತ್ರವಂತೂ ‘ನನ್ನ ಕೈಯಲ್ಲಿ ಒಂದು ಇಡುವ ಸಂಪರ್ಕವನ್ನು ನೋಡು’ ಎಂದು ತಾನೇ ಹೇಳುತ್ತದೆ. ಕೇಳುವ ಕಿವಿ ಇರಬೇಕು, ಅಷ್ಟೆ.

ಇನ್ನೊಂದು ನಿದರ್ಶನ. ಫ್ಲಿಪ್ಪರಿನ ಸುರುಳಿಯಲ್ಲಿ ಎರಡು ಸುತ್ತುಗಳಿರುತ್ತವೆ. ದಪ್ಪ ತಂತಿಯದು ಬಲವಾಗಿ ಎಳೆಯಲಿಕ್ಕೆ. ತೆಳು ತಂತಿಯದು ಎಳೆದದ್ದನ್ನು ಅಲ್ಪ ಪ್ರವಾಹದಲ್ಲಿ ಹಿಡಿದಿರಲಿಕ್ಕೆ. ಕೈ ಪೂರ್ತಿ ಮೇಲೇರಿದಾಗ ತುದಿಯಲ್ಲಿರುವ ಒಂದು ಸಂಪರ್ಕ ತೆರೆದು, ತೆಳು ಸುತ್ತನ್ನೂ ದಾರಿಯಲ್ಲಿ ಸೇರಿಸಿ ಪ್ರವಾಹವನ್ನು ತಗ್ಗಿಸುತ್ತದೆ. ಆ ಸಂಪರ್ಕ ತೆರೆಯದೆ ಹೋದರೆ ಬಲವಾದ ಪ್ರವಾಹವೇ ಹರಿಯುತ್ತಿದ್ದು ಸುರುಳಿ ಸುಡುತ್ತದೆ. ಸುಟ್ಟ ಸುರುಳಿಯನ್ನು ಮಾತ್ರ ಬದಲಿಸಿದವನು ಹೊಸದನ್ನೂ ಸುಡುತ್ತಾನೆ. ಸುಟ್ಟದ್ದು ಸುರುಳಿ, ತಪ್ಪು ಸಂಪರ್ಕದ್ದು. ಹಾನಿಗೊಳಗಾದದ್ದೇ ಅಪರಾಧಿಯೆಂದು ತಿಳಿಯಬಾರದೆಂಬ ನೀತಿಯನ್ನು ಇಲ್ಲಿ ಕಾಣಬಹುದು.

ಈ ಯಂತ್ರಗಳು ಪರದೇಶದವು, ನಮಗೇಕೆ ಎನ್ನಬೇಡಿರಿ. ಇವುಗಳ ಬಂಧುಗಳು ಕನ್ನಡ ನಾಡಿನಲ್ಲಿಯೇ ತಯಾರಾಗುತ್ತಿದ್ದವು. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯವನಾಗಿದ್ದ ಆಲ್ಮನ್ ಸ್ಟ್ರೌಜರ್ ಎಂಬವನು ೧೮೯೧ರಲ್ಲಿ ಸ್ವಯಂಚಾಲಿತ ಟೆಲಿಫೋನ್ ವಿನಿಮಯ ಯಂತ್ರಕ್ಕೆ ಪೇಟೆಂಟು ಪಡೆದನು. ಆ ಪದ್ಧತಿಯಲ್ಲಿ ನಾವು ತಿರುಗಿಸಿದ ಅಂಕಿಗೆ ತಕ್ಕಂತೆ ಒಂದು ತೋಳು ಮೊದಲು ಮೇಲಕ್ಕೇರಿ, ಬಳಿಕ ಪಕ್ಕಕ್ಕೆ ಹೊರಳುತ್ತದೆ. ಹತ್ತು ಅಂತಸ್ತು, ಒಂದೊಂದರಲ್ಲಿ ಹತ್ತು ಸ್ಥಾನ, ಒಟ್ಟು ನೂರು. ಅದೇ ಸುರುಳಿ, ಅದೇ ಹಲ್ಲಿನ ಚಕ್ರ, ಅದೇ ರಿಲೇ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಟ್ರೌಜರ್ ಯಂತ್ರಗಳನ್ನು ತಯಾರಿಸಿ ದೇಶದ ಊರುಗಳಿಗೆ ಕಳುಹಿಸಿತು. ಎಲೆಕ್ಟ್ರಾನಿಕ್ ಪದ್ಧತಿ ಬಂದ ಮೇಲೆ ಅವು ಮೂಲೆ ಸೇರಿದವು. ಆದರೆ ಅದೇ ತತ್ತ್ವದ ಒಂದು ಯಂತ್ರ ಇಂದಿಗೂ ನಿಮ್ಮ ಹೊಲದಲ್ಲಿದೆ. ಅದೇ ಬೋರಿನ ಸ್ಟಾರ್ಟರು.

ಹಸಿರು ಗುಂಡಿಯನ್ನು ಒತ್ತಿದಾಗ ಸ್ಟಾರ್ಟರಿನ ಸುರುಳಿ ಎಳೆದು ಮೂರು ಫೇಸುಗಳ ಸಂಪರ್ಕಗಳನ್ನು ಒಟ್ಟಿಗೆ ಮುಚ್ಚುತ್ತದೆ. ಜೊತೆಗೆ ಒಂದು ಸಣ್ಣ ಸಂಪರ್ಕವೂ ಮುಚ್ಚಿ, ಗುಂಡಿಯಿಂದ ಕೈ ತೆಗೆದ ಮೇಲೆಯೂ ಸುರುಳಿಗೆ ಪ್ರವಾಹ ದೊರೆಯುವಂತೆ ನೋಡಿಕೊಳ್ಳುತ್ತದೆ. ಈಗ ಮಕ್ಕಳೇ, ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಮೋಟಾರು ತಿರುಗಿ, ಬಿಟ್ಟೊಡನೆ ನಿಂತರೆ ದೋಷವೆಲ್ಲಿದೆ? ಮೋಟಾರು ತಿರುಗಿತಾದ್ದರಿಂದ ಅದು ನಿರ್ದೋಷಿ. ಸುರುಳಿ ಎಳೆಯಿತಾದ್ದರಿಂದ ಅದೂ ನಿರ್ದೋಷಿ. ಮೊದಲು ನೋಡಬೇಕಾದದ್ದು ಹಿಡಿದಿಡುವ ಆ ಸಣ್ಣ ಸಂಪರ್ಕವನ್ನು ಮತ್ತು ಅದರ ತಂತಿಯನ್ನು. ಇಷ್ಟನ್ನು ಯೋಚಿಸಬಲ್ಲ ಹುಡುಗನ ಮನೆಯವರು ಬೋರಿನಿಂದ ಮೋಟಾರನ್ನು ಮೇಲಕ್ಕೆತ್ತಿಸುವ ವೃಥಾ ಖರ್ಚಿನಿಂದ ಪಾರಾಗುತ್ತಾರೆ.

ಸ್ಟಾರ್ಟರಿನಲ್ಲಿ ಒಬ್ಬ ಕಾವಲುಗಾರನೂ ಇದ್ದಾನೆ. ಅವನ ಹೆಸರು ಓವರ್‌ಲೋಡ್ ರಿಲೇ. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟಾರು ಉಳಿದೆರಡರಿಂದ ಮಿತಿಮೀರಿ ಪ್ರವಾಹವನ್ನೆಳೆದು ಕಾಯತೊಡಗುತ್ತದೆ. ಆಗ ಈ ರಿಲೇಯೊಳಗಿನ ಲೋಹದ ಪಟ್ಟಿ ಬಿಸಿಗೆ ಬಾಗಿ, ಸುರುಳಿಯ ಪ್ರವಾಹವನ್ನು ಕಡಿದು ಮೋಟಾರನ್ನು ನಿಲ್ಲಿಸುತ್ತದೆ. ಬೆಳೆ ಬಾಡುತ್ತಿರುವಾಗ ರೈತನಿಗೆ ಇವನ ಮೇಲೆಯೇ ಕೋಪ. ಅಳತೆಯನ್ನು ಏರಿಸಿಡುವವರುಂಟು, ಸಂಪರ್ಕಗಳ ಮೇಲೆ ಕಡ್ಡಿ ಸಿಕ್ಕಿಸಿ ಬಿಗಿದಿಡುವವರುಂಟು, ಫ್ಯೂಜಿನ ಬದಲು ದಪ್ಪ ತಂತಿ ಕಟ್ಟುವವರುಂಟು. ಕಳ್ಳ ಬಂದನೆಂದು ಬೊಗಳಿದ ನಾಯಿಯ ಬಾಯಿ ಕಟ್ಟಿ ಮಲಗಿದಂತಾಯಿತು! ಮೋಟಾರು ಸುಡುತ್ತದೆ, ಅದಕ್ಕಿಂತ ಹೆಚ್ಚಾಗಿ, ೪೧೫ ವೋಲ್ಟಿನ ಆ ಪೆಟ್ಟಿಗೆಯೊಳಗೆ ಒದ್ದೆ ಕೈ ಇಟ್ಟವನ ಪ್ರಾಣವೇ ಹೋಗಬಹುದು. ಸುಟ್ಟ ಮೋಟಾರಿಗೆ ಮರಳಿ ತಂತಿ ಸುತ್ತಿಸಬಹುದು. ಹೋದ ಮನುಷ್ಯನನ್ನು ಮರಳಿ ತರುವವರಿಲ್ಲ. ಆದುದರಿಂದ ವಿದ್ಯಾರ್ಥಿಗಳಿಗೆ ನನ್ನ ಕಟ್ಟಾಜ್ಞೆ ಇದು: ಸ್ಟಾರ್ಟರಿನ ಪೆಟ್ಟಿಗೆಯನ್ನು ನೀವು ತೆರೆಯಕೂಡದು. ಲಕ್ಷಣಗಳನ್ನು ನೋಡಿರಿ, ಯೋಚಿಸಿರಿ, ಹಿರಿಯರಿಗೆ ಹೇಳಿರಿ. ಹಿರಿಯರೂ ಮುಖ್ಯ ಸ್ವಿಚ್ಚನ್ನು ತೆಗೆಸಿ, ಬಲ್ಲ ಕೆಲಸಗಾರರಿಂದಲೇ ಅದನ್ನು ತೆರೆಯಿಸಬೇಕು.

ಹಾಗಾದರೆ ಮಕ್ಕಳು ಕಲಿಯುವುದು ಎಲ್ಲಿ? ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಕೆಟ್ಟ ಟಾರ್ಚು, ನಿಂತ ಕೀಲಿ ಗಡಿಯಾರ, ಬ್ಯಾಟರಿಯ ಗಂಟೆ ಇಂತಹವುಗಳನ್ನು ಗುಜರಿಗೆ ಹಾಕುವ ಮೊದಲು ಮಕ್ಕಳ ಕೈಗೆ ಕೊಡಿರಿ. ಬಿಚ್ಚಿದ್ದಕ್ಕೆ ಬೈಯಬೇಡಿರಿ, ಏಕೆ ಕೆಟ್ಟಿತೆಂದು ಕೇಳಿರಿ. ಅವರು ಮೊದಲು ನೋಟ್‌ಬುಕ್ಕಿನಲ್ಲಿ ಸರಪಳಿಯನ್ನು ನಮ್ಮ ಕನ್ನಡದಲ್ಲಿಯೇ ಬರೆಯಲಿ: ಇದರಿಂದ ಇದು, ಇದರಿಂದ ಇದು ಎಂದು. ೧೯೫೬ರಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ತಾಂಡೂರು ಸೀಮೆಯ ನಮ್ಮ ಮಕ್ಕಳು ಮುಂದೆ ತಾಂತ್ರಿಕ ಶಿಕ್ಷಣವನ್ನು ತೆಲುಗರೊಡನೆ, ಇಂಗ್ಲಿಷಿನಲ್ಲಿ ಕಲಿಯಬೇಕಾಗಬಹುದು. ಹೆಸರುಗಳು ಬದಲಾಗುತ್ತವೆ, ತಾಯ್ನುಡಿಯಲ್ಲಿ ಒಮ್ಮೆ ಸ್ಪಷ್ಟವಾಗಿ ಯೋಚಿಸಲು ಕಲಿತವನ ಯೋಚನೆ ಬದಲಾಗಬೇಕಾಗಿಲ್ಲ.

ಲಕ್ಷಣವನ್ನು ಗಮನಿಸುವುದು, ಸರಪಳಿಯನ್ನು ತಿಳಿಯುವುದು, ನಡುವೆ ನಿಂತು ಪರೀಕ್ಷಿಸುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕಾವಲುಗಾರನನ್ನು ಎಂದೂ ಕಟ್ಟಿಹಾಕದಿರುವುದು: ದೋಷವನ್ನರಸುವ ವಿದ್ಯೆಯ ಸಾರವಿಷ್ಟು. ತಪ್ಪಿದ ಲೆಕ್ಕವನ್ನು ತಿದ್ದಿಕೊಳ್ಳುವಾಗಲೂ ಇದೇ ಕ್ರಮ ನಿಮಗೆ ನೆರವಾಗುವುದು.