ಹೂವಿನ ಗಿಡ, ಬೆಕ್ಕು ಮತ್ತು ಸೂರಕ್ಕಿ



ಪುತ್ತೂರು ಬಳಿಯ ಕಬಕದ ನಮ್ಮ ಮನೆಯಂಗಳದಲ್ಲಿ ದಾಸವಾಳ ನೆಟ್ಟವನು ನಾನು. ಮಕರಂದ ತೋರಿಸಿ ಸೂರಕ್ಕಿಯನ್ನು ಕರೆದವನೂ ನಾನೇ. ಬುಡದ ಪೊದೆಯಲ್ಲಿ ಹೊಂಚಿದ್ದ ನಮ್ಮ ಬೆಕ್ಕು ಒಂದು ಬೆಳಿಗ್ಗೆ ಅದನ್ನು ಕಚ್ಚಿ ತಂದಿತು. ಬಿಡಿಸಿದೆ. ಗಾಯ ಕಾಣಲಿಲ್ಲ, ಬದುಕೀತೆಂದುಕೊಂಡೆ. ಮರುದಿನ ಸತ್ತಿತ್ತು. ಬೆಕ್ಕಿನ ಬಾಯಲ್ಲಿ ಪಾಸ್ಚುರೆಲ್ಲ ಎಂಬ ಬ್ಯಾಕ್ಟೀರಿಯ ಇರುತ್ತದೆ. ಸೂಜಿಮೊನೆಯಷ್ಟು ಗಾಯವೂ ಹಕ್ಕಿಯನ್ನು ಕೊಲ್ಲಬಹುದು. ವಿಜ್ಞಾನ ಓದಿದವನಿಗೆ ಇದು ಹೊಳೆಯಬೇಕಿತ್ತು! ಅಂಥ ಹಕ್ಕಿಯನ್ನು ಕೂಡಲೇ ಪಶುವೈದ್ಯರಿಗೆ ತೋರಿಸಬೇಕು.

ಸತ್ತದ್ದನ್ನು ತೋಡಿಗೆ ಎಸೆಯಬೇಡಿ. ಇಲಿಯಾದರೆ ಇಲಿಜ್ವರದ ಭಯವೂ ಉಂಟು. ಬರಿಗೈಯಲ್ಲಿ ಮುಟ್ಟದೆ, ಬಾವಿಯಿಂದ ದೂರ, ನಾಯಿ ಕೆದಕದಂತೆ 2 ಅಡಿ ಆಳದಲ್ಲಿ ಹೂತು, ಸೋಪು ಹಾಕಿ ಕೈ ತೊಳೆಯಿರಿ.

ದಾಸವಾಳದ ಬುಡವನ್ನು ಈಗ ಸವರಿದ್ದೇನೆ. ಸೂರಕ್ಕಿ ಬರುವ ಹೊತ್ತಿಗೆ ಬೆಕ್ಕು ಮನೆಯೊಳಗೆ, ಕಿಟಕಿಯ ಹಿಂದೆ.