ಘಾಟಿ ರಸ್ತೆಗೆ ಗಟ್ಟಿ ಸ್ಪ್ರಿಂಗ್ ಸಾಕಾ?



ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಇವತ್ತಿನ ಮಾತು ಕಾರಿನ ಬಗ್ಗೆ. ಅದೂ ಕಾರಿನ ಕೆಳಗಡೆ, ನಾವ್ಯಾರೂ ಬಗ್ಗಿ ನೋಡದೇ ಇರೋ ಜಾಗದ ಬಗ್ಗೆ.

ಶನಿವಾರ ಬೆಳಗಿನ ಜಾವ ಬೆಂಗಳೂರಿಂದ ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೊರಡುವ ಕಾರುಗಳನ್ನ ನೋಡಿ. ಅದರಲ್ಲಿ ಒಂದಷ್ಟು ನೆಲಕ್ಕೆ ಅಂಟಿಕೊಂಡ ಹಾಗೇ ಇರ್ತವೆ. ಟೈರಿಗೂ ಮೇಲಿನ ಕಮಾನಿಗೂ ಮಧ್ಯೆ ಎರಡು ಬೆರಳು ತೂರೋದೂ ಕಷ್ಟ. ಯಾಕಪ್ಪಾ ಹೀಗೆ ಅಂದ್ರೆ ಉತ್ತರ ರೆಡಿ ಇರುತ್ತೆ. ‘ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸಿದೀನಿ ಸರ್, ಈಗ ಘಾಟಿಯಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತೆ.’

ಹೋಗುತ್ತಾ? ನನ್ನ ಪ್ರಶ್ನೆ ಅದು.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಒಂದು ಟನ್‌ಗಿಂತ ಹೆಚ್ಚು ತೂಕದ ಕಾರು ರಸ್ತೆಯನ್ನ ಮುಟ್ಟೋದು ನಾಲ್ಕೇ ನಾಲ್ಕು ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು ಅಗಲ. ಬ್ರೇಕ್ ಹಾಕಲಿ, ತಿರುವಲಿ, ವೇಗ ಹೆಚ್ಚಿಸಲಿ, ಎಲ್ಲ ಕೆಲಸ ಆ ನಾಲ್ಕು ಅಂಗೈಯಲ್ಲೇ ಆಗಬೇಕು. ಸಸ್ಪೆನ್ಷನ್ ಇರೋದು ಆ ಅಂಗೈಗಳು ರಸ್ತೆ ಬಿಡದ ಹಾಗೆ ಒತ್ತಿ ಹಿಡಿಯೋಕೆ. ಕಾರು ಗಟ್ಟಿಯಾಗಿರಬೇಕು ಅನ್ನೋದು ಅದರ ಗುರಿಯಲ್ಲ. ಟೈರು ನೆಲದ ಮೇಲಿರಬೇಕು ಅನ್ನೋದು ಗುರಿ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೇ ಎಷ್ಟೋ ಹುಡುಗರು ಲಕ್ಷಗಟ್ಟಲೆ ಸುರೀತಿದಾರೆ.

ಒಂದು ಉದಾಹರಣೆ ತಗೊಳ್ಳೋಣ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ಭಾರತಕ್ಕೆ ಬಂತು, 2022ರಲ್ಲಿ ಇಲ್ಲಿ ಪೋಲೋ ಉತ್ಪಾದನೆಯೇ ನಿಂತುಹೋಯ್ತು. ಸಣ್ಣ ಕಾರು, ಜೋರಾದ ಟರ್ಬೋ ಎಂಜಿನ್. ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿಕೊಂಡು ಹೋಗಿ ತಗೊಳ್ಳೋರಿದ್ದಾರೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟ್ವಿಸ್ಟ್ ಬೀಮ್. ನಮ್ಮ ರಸ್ತೆಯಲ್ಲಿ ಓಡಾಡೋ ಬಹುಪಾಲು ಸಣ್ಣ ಕಾರುಗಳದ್ದೂ ಇದೇ ಜೋಡಣೆ.

ಈಗ ಈ ಕಾರು ತಗೊಂಡವರು ಮೊದಲು ಮಾಡಿಸೋದೇನು? ಲೋವರಿಂಗ್ ಸ್ಪ್ರಿಂಗ್. ಕಾರನ್ನ 30, 40 ಮಿಲಿಮೀಟರ್ ಕೆಳಗಿಳಿಸೋದು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಒಪ್ಪಿದೆ. ಲಾಭ ಎಷ್ಟು? ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಭಾರ ವರ್ಗವಾಗುತ್ತಲ್ಲ, ಅದು ಮುಖ್ಯವಾಗಿ ನಿರ್ಧಾರವಾಗೋದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ಅಂತರ ಮತ್ತು ನೀವು ತಿರುವು ತಗೊಳ್ಳೋ ವೇಗದ ಮೇಲೆ. ಗುರುತ್ವ ಕೇಂದ್ರ 550 ಮಿಲಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. 30 ಮಿಲಿಮೀಟರ್ ಇಳಿಸಿದ್ರೆ ಸಿಗೋದು ಶೇಕಡಾ 5ರ ಆಸುಪಾಸಿನ ಲಾಭ. ಅಷ್ಟೇ.

ನಷ್ಟ ಏನು? ಇಲ್ಲಿದೆ ಅಸಲಿ ವಿಷಯ. ಚಕ್ರ ಮೇಲಕ್ಕೆ ಚಲಿಸೋಕೆ ಕಂಪನಿ ಒಂದಿಷ್ಟು ಜಾಗ ಕೊಟ್ಟಿರುತ್ತೆ. ನೀವು ಕಾರು ಇಳಿಸಿದಷ್ಟೂ ಆ ಜಾಗವನ್ನೇ ತಿಂದಿರ್ತೀರಿ. ಈಗ ಚಾರ್ಮಾಡಿಯ ಒಂದು ತಿರುವು ಊಹಿಸಿಕೊಳ್ಳಿ. ಕಾರು ಹೊರಗಡೆಗೆ ವಾಲಿದೆ. ಹೊರಗಿನ ಸ್ಪ್ರಿಂಗ್ ಆಗಲೇ ಕುಗ್ಗಿದೆ. ಅದೇ ಹೊತ್ತಿಗೆ ಮಳೆಗೆ ಕಿತ್ತುಹೋದ ಒಂದು ಗುಂಡಿ ಸಿಗುತ್ತೆ. ಚಕ್ರಕ್ಕೆ ಮೇಲೆ ಹೋಗೋಕೆ ಜಾಗವೇ ಇಲ್ಲ. ಬಂಪ್ ಸ್ಟಾಪ್ ಅನ್ನೋ ರಬ್ಬರ್ ತುಂಡಿಗೆ ಹೋಗಿ ಗುದ್ದುತ್ತೆ. ಆ ಕ್ಷಣ ಸಸ್ಪೆನ್ಷನ್ ಅನ್ನೋದೇ ಇಲ್ಲ, ಕಾರು ಎತ್ತಿನ ಗಾಡಿ ಆಯ್ತು. ಟೈರು ಹಿಡಿತ ಬಿಡುತ್ತೆ. ಮುಂದಿನ ಟೈರು ಬಿಟ್ರೆ ಕಾರು ತಿರುಗದೆ ನೇರ ತಡೆಗೋಡೆ ಕಡೆ. ಹಿಂದಿನದು ಬಿಟ್ರೆ ಕಾರು ಬುಗುರಿ. ಎರಡೂ ಕಡೆ ಕಂದಕ ಇದೆ ಸ್ವಾಮಿ.

ಇನ್ನೊಂದು ಸೂಕ್ಷ್ಮ ಇದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರೋ ಕಾರನ್ನ ಇಳಿಸಿದಾಗ ಕೆಳಗಿನ ಆರ್ಮ್‌ನ ಕೋನ ಬದಲಾಗುತ್ತೆ. ಆಗ ಕಾರು ವಾಲೋಕೆ ಆಧಾರವಾಗಿರೋ ರೋಲ್ ಸೆಂಟರ್ ಅನ್ನೋ ಬಿಂದು, ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗೆ ಹೋಗಿಬಿಡುತ್ತೆ. ಅಂದ್ರೆ ಕಾರನ್ನ ವಾಲಿಸುವ ಸನ್ನೆಕೋಲು ಉದ್ದ ಆಗುತ್ತೆ. ವಾಲಾಟ ಕಮ್ಮಿ ಮಾಡೋಕೆ ದುಡ್ಡು ಕೊಟ್ಟು, ಅದನ್ನೇ ಹೆಚ್ಚು ಮಾಡೋ ಕಾರಣವನ್ನ ಮನೆಗೆ ತಂದ ಹಾಗೆ!

ಹಾಗಾದ್ರೆ ಏನ್ ಮಾಡ್ಬೇಕು? ಕ್ರಮ ಹೇಳ್ತೀನಿ, ಬರೆದಿಟ್ಕೊಳ್ಳಿ.

ಒಂದು, ಟೈರು. ನೋಡೋಕೆ ಬಟನ್ ಇದೆ ಅಂತ ಬಿಡಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತೆ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ರಬ್ಬರ್ ವಯಸ್ಸಾದ ಹಾಗೆ ಗಟ್ಟಿಯಾಗುತ್ತೆ, ಒದ್ದೆ ರಸ್ತೆಯಲ್ಲಿ ಜಾರುತ್ತೆ. ಗಾಳಿಯ ಒತ್ತಡ ಎಷ್ಟಿರಬೇಕು ಅನ್ನೋದನ್ನ ಕಂಪನಿ ಕಾರಿನಲ್ಲೇ ಬರೆದಿರುತ್ತೆ. ಅದನ್ನ ನೋಡಿ ಹಾಕಿಸಿ. ಇದಕ್ಕೆ ಖರ್ಚೇ ಇಲ್ಲ.

ಎರಡು, ಹಳೇ ರಬ್ಬರ್ ಬುಷ್‌ಗಳು, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್. ಹತ್ತು ವರ್ಷದ ಪೋಲೋದಲ್ಲಿ ಇವು ಸವೆದಿರುವ ಸಾಧ್ಯತೆ ಹೆಚ್ಚು. ಇವು ಸಡಿಲ ಇದ್ರೆ ಎಂಥಾ ದುಬಾರಿ ಸ್ಪ್ರಿಂಗ್ ಹಾಕಿದ್ರೂ ನೀರಲ್ಲಿ ಹೋಮ. ಇವನ್ನ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ನೀವು ಹುಡುಕ್ತಾ ಇರೋ ‘ಹೊಸ ಹ್ಯಾಂಡ್ಲಿಂಗ್’ ಎಷ್ಟೋ ಸಲ ಇಲ್ಲೇ ಸಿಕ್ಕಿಬಿಡುತ್ತೆ. ಅದು ಹೊಸದಲ್ಲ, ಕಾರು ಶೋರೂಮಿಂದ ಬಂದಾಗ ಇದ್ದದ್ದೇ!

ಮೂರು, ಡ್ಯಾಂಪರ್. ನಾವು ಶಾಕ್ ಅಬ್ಸಾರ್ಬರ್ ಅಂತೀವಲ್ಲ, ಅದು. ಆಘಾತ ಹೊರೋದು ಸ್ಪ್ರಿಂಗ್. ಹೊತ್ತ ಮೇಲೆ ಅದು ಕುಣಿಯದ ಹಾಗೆ ತಡೆಯೋದು ಡ್ಯಾಂಪರ್. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ, ಆ ಕುಣಿತವನ್ನೆಲ್ಲ ಶಾಖ ಮಾಡಿ ಬಿಡುತ್ತೆ. ಇದು ಒಂದೇ ದಿನ ಹಾಳಾಗಲ್ಲ, ದಿನಾ ಸ್ವಲ್ಪ ಸ್ವಲ್ಪ ಸೋಲುತ್ತೆ. ಹಾಗಾಗಿ ಓಡಿಸೋನಿಗೆ ಗೊತ್ತಾಗೋದೇ ಇಲ್ಲ. ಎಣ್ಣೆ ಜಿನುಗಿದೆಯಾ, ಟೈರು ಅಲೆಅಲೆಯಾಗಿ ಸವೆದಿದೆಯಾ, ನೋಡಿ. ಅಪ್‌ಗ್ರೇಡ್ ಅಂತ ಖರ್ಚು ಮಾಡಲೇಬೇಕು ಅನ್ನಿಸಿದ್ರೆ ಇಲ್ಲಿ ಮಾಡಿ. ಮೂಲ ಎತ್ತರಕ್ಕೇ ಹೊಂದುವ ಒಳ್ಳೆಯ ಡ್ಯಾಂಪರ್ ತಗೊಳ್ಳಿ. ಗಟ್ಟಿ ಸ್ಪ್ರಿಂಗ್ ಹಾಕಿ ಹಳೇ ಡ್ಯಾಂಪರನ್ನೇ ಉಳಿಸಿದ್ರೆ, ಆ ಸ್ಪ್ರಿಂಗ್ ಹಿಂದಕ್ಕೆ ಒದೆಯೋದನ್ನ ತಡೆಯೋ ಶಕ್ತಿ ಅದಕ್ಕಿರಲ್ಲ. ಕಾರು ಕಪ್ಪೆ ಹಾಗೆ ಕುಪ್ಪಳಿಸುತ್ತೆ.

ಸ್ಪ್ರಿಂಗ್, ದಪ್ಪ ಆ್ಯಂಟಿ ರೋಲ್ ಬಾರ್, ಲಕ್ಷ ದಾಟುವ ಕಾಯಿಲೋವರ್ ಇವೆಲ್ಲ ಆಮೇಲಿನ ಮಾತು. ಹಿಂದಿನ ರೋಲ್ ಬಾರ್ ಗಟ್ಟಿ ಮಾಡಿದ್ರೆ ಒಣ ರಸ್ತೆಯಲ್ಲಿ ಮೂತಿ ಚುರುಕಾಗಿ ತಿರುಗುತ್ತೆ, ನಿಜ. ಅದೇ ಕಾರು ಆಗುಂಬೆ ಮಳೆಯಲ್ಲಿ, ಇಳಿಜಾರಿನಲ್ಲಿ, ನೀವು ಗಾಬರಿಯಲ್ಲಿ ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಬೀಸಬಹುದು.

ನನ್ನ ಮಾತು ಬೇಡ, ರ್ಯಾಲಿ ಕಾರುಗಳನ್ನೇ ನೋಡಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ಹಾದಿಯಲ್ಲಿ ರ್ಯಾಲಿ ನಡೆಯುತ್ತಲ್ಲ, ಅಲ್ಲಿ ಓಡೋ ಕಾರುಗಳು ನೆಲಕ್ಕೆ ಅಂಟಿಕೊಂಡಿರಲ್ಲ. ಎತ್ತರ ಇರ್ತವೆ. ಚಕ್ರ ಮೇಲೆ ಕೆಳಗೆ ಆಡೋಕೆ ಧಾರಾಳ ಜಾಗ ಇರುತ್ತೆ. ವೇಗವೇ ಕಸುಬಾಗಿರೋರು ಒರಟು ರಸ್ತೆಗೆ ಆರಿಸಿಕೊಂಡಿದ್ದು ಇದನ್ನ. ಇನ್ನೊಂದು ವಿಷಯ, ಅವರಿಗೆ ರಸ್ತೆ ಮುಚ್ಚಿ ಕೊಟ್ಟಿರ್ತಾರೆ. ಹೆಲ್ಮೆಟ್ ಇದೆ, ರೋಲ್ ಕೇಜ್ ಇದೆ, ಪಕ್ಕದಲ್ಲಿ ಕೂತು ಮುಂದಿನ ತಿರುವು ಓದಿ ಹೇಳೋ ಸಹಚಾಲಕ ಇದ್ದಾನೆ. ನಿಮ್ಮ ಪಕ್ಕ ಕೂತಿರೋದು ಯಾರು?

ಕಾನೂನನ್ನೂ ಮರೀಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರೋ ಹಾಗೆ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಿಮೆ ಕಂಪನಿಗೆ ಹೇಳದೆ ಮಾಡಿಸಿದ್ರೆ, ಅಪಘಾತ ಆದ ದಿನ ಪರಿಹಾರಕ್ಕೂ ಕೊಕ್ಕೆ ಬೀಳಬಹುದು. ಕಿಟ್ ಮಾರೋನು ಆ ದಿನ ನಿಮ್ಮ ಜೊತೆ ಬಂದು ನಿಲ್ತಾನಾ?

ಕೊನೆಗೆ ಒಂದು ಲೆಕ್ಕ. 40 ಕಿಲೋಮೀಟರ್ ವೇಗದಲ್ಲಿ ತಗೊಳ್ಳೋ ತಿರುವನ್ನ 50ರಲ್ಲಿ ತಗೊಂಡ್ರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ. ಆದ್ರೆ ಟೈರಿಗೆ ಬೇಕಾಗೋ ಹಿಡಿತ ಶೇಕಡಾ 56ರಷ್ಟು ಹೆಚ್ಚು. ಕಾರು ಇಳಿಸಿ ಗಳಿಸಿದ ಆ ಶೇಕಡಾ 5ನ್ನ ಇದರ ಪಕ್ಕ ಇಟ್ಟು ನೋಡಿ. ಯಾವ ಅಂಗಡಿಯ ಯಾವ ಸ್ಪ್ರಿಂಗೂ ಈ ಲೆಕ್ಕ ಗೆಲ್ಲಲ್ಲ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಆ ಕಡೆಯಿಂದ ಯಾರು ಬರ್ತಿದಾರೆ ಅಂತ ನಿಮಗೆ ಕಾಣಲ್ಲ. ಅಲ್ಲಿ ಬಸ್ಸು ತಿರುಗಬೇಕಂದ್ರೆ ಇಡೀ ರಸ್ತೆ ಬೇಕು. ಘಟ್ಟ ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಅನ್ನೋದು ನಿಯಮ. ಆ ಬಸ್ಸಲ್ಲಿ ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿ ಇರ್ತಾನೆ, ಕಾಲೇಜಿಗೆ ಹೊರಟ ಮಕ್ಕಳಿರ್ತಾರೆ. ನಿಮಗೆ ವಾರಾಂತ್ಯದ ಮಜಾ ಆಗಿರೋ ರಸ್ತೆ ಅವರಿಗೆ ದಿನನಿತ್ಯದ ದಾರಿ. ವೇಗದ ಆಸೆ ಇದೆಯಾ? ಕೊಯಮತ್ತೂರಿನಲ್ಲಿ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಟ್ರ್ಯಾಕ್ ಇದೆ. ಅಲ್ಲಿ ಹೋಗಿ ತೀರಿಸಿಕೊಳ್ಳಿ. ಅದು ಗಂಡಸುತನಕ್ಕೆ ಕಮ್ಮಿ ಏನಲ್ಲ.

ಸರ್ಕಾರಕ್ಕೂ ಒಂದು ಮಾತು. ತಿರುವಿನ ಮಧ್ಯದ ಗುಂಡಿ, ಅಂಚಿನ ಪಾಚಿ, ಮುರಿದ ತಡೆಗೋಡೆ, ಇವು ಎಂಥ ಒಳ್ಳೆಯ ಸಸ್ಪೆನ್ಷನ್ನನ್ನೂ ಸೋಲಿಸ್ತವೆ. ಮಳೆಗಾಲ ಮುಗಿದ ಮೇಲೆ ತೇಪೆ ಹಾಕೋದಲ್ಲ, ಮಳೆಗಾಲಕ್ಕೆ ಮುಂಚೆ ಕೆಲಸ ಮಾಡಿ.

ಒಳ್ಳೇ ಕಾರು ಅಂದ್ರೆ ತಿರುವಲ್ಲಿ ಬೇಗ ಹೋಗೋ ಕಾರಲ್ಲ. ನಿಮ್ಮ ಅಂದಾಜು ತಪ್ಪಿದಾಗಲೂ ರಸ್ತೆ ಬಿಡದ ಕಾರು. ದುಡ್ಡು ಹಾಕೋದಾದ್ರೆ ಅದಕ್ಕೆ ಹಾಕಿ.