ಕೊನೆಯ ತೂಬಿನ ಮಾತು

ಬಾನುಲಿಯಲ್ಲಿ ನಾಲ್ವರು ಕುಳಿತು ದೇಶಕಾಲದ ವಿಷಯಗಳನ್ನು ಚರ್ಚಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಬೆಲೆಯೇರಿಕೆ, ಶಿಕ್ಷಣ ಮಾಧ್ಯಮ, ಜಾತಿ, ನೀರಾವರಿ, ಹೊಸ ಕಾದಂಬರಿ - ವಿಷಯ ಯಾವುದೇ ಇರಲಿ, ಸಂಯೋಜಕರು ಸೌಜನ್ಯದಿಂದ ಆರಂಭಿಸುತ್ತಾರೆ. ಉಳಿದವರು ಸರದಿಯಂತೆ ಮಾತನಾಡುತ್ತಾರೆ. ಕಾಲು ಗಂಟೆಯೊಳಗೆ ಎಲ್ಲರೂ ಒಂದು ಸಮಾಧಾನದ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಇದು ನಿಜವಾಗಿಯೂ ಚರ್ಚೆಯೇ? ಚರ್ಚೆಗೆ ಆಡುವ ಬಾಯಿ ಎಷ್ಟು ಮುಖ್ಯವೋ ಮರುಮಾತಿಗೆ ಎಡೆಯೂ ಅಷ್ಟೇ ಮುಖ್ಯ. ಆ ಎಡೆಯನ್ನು ಕುರಿತು, ನಾನೇ ಮಾಡಿದ ಒಂದು ತಪ್ಪಿನ ನೆನಪಿನೊಡನೆ, ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನಾನು ಕೃಷ್ಣರಾಜನಗರದವನು. ಕಾವೇರಿಯ ಪ್ರವಾಹಕ್ಕೆ ಅಂಜಿ, ಹೊಳೆಯ ದಂಡೆಯ ಎಡತೊರೆಯಿಂದ ಮೇಲಕ್ಕೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತು ಬೆಳೆದ ಊರು ಅದು. ನನ್ನ ಬಾಲ್ಯದಲ್ಲಿ ಮನೆಮನೆಗೆ ರೇಡಿಯೋ ಇರಲಿಲ್ಲ. ನಮ್ಮ ಬೀದಿಗೆಲ್ಲ ಒಂದೇ ಮನೆಯ ಜಗಲಿಯೇ ಗತಿ. ವಾರ್ತೆ ಮುಗಿದು ಭಾಷಣವೋ ಚರ್ಚೆಯೋ ಬಂದರೆ ಹಿರಿಯರು ಎಲೆಯಡಿಕೆ ಮೆಲ್ಲುತ್ತ ಕೇಳುವರು. ಸೋಜಿಗವೆಂದರೆ, ಚರ್ಚೆ ನಿಜವಾಗಿ ಆರಂಭವಾಗುತ್ತಿದ್ದುದು ಮನೆಯ ಯಜಮಾನರು ರೇಡಿಯೋದ ಕಿವಿ ಹಿಂಡಿ ಅದನ್ನು ಆರಿಸಿದ ಮೇಲೆ. “ಅದೆಲ್ಲಾ ಸರಿ, ಆದರೆ...” ಎಂದು ಯಾರಾದರೊಬ್ಬರು ತೊಡಗುವರು. ಆ ‘ಆದರೆ’ ರಾತ್ರಿ ಊಟದ ಹೊತ್ತು ಮೀರುವವರೆಗೂ ಮುಗಿಯುತ್ತಿರಲಿಲ್ಲ.

ಮೈಸೂರು ಸೀಮೆಯ ನಮಗೆ ಬಾನುಲಿ ಹೊರಗಿನದಲ್ಲ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಕೇವಲ 30 ವಾಟ್ ಶಕ್ತಿಯ ಯಂತ್ರವೊಂದರ ಮೂಲಕ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ, 1950ರ ದಶಕದಲ್ಲಿ, ಇಡೀ ದೇಶದ ಬಾನುಲಿಯೇ ತನ್ನದಾಗಿಸಿಕೊಂಡಿತು. ಸರ್ಕಾರದ ಆಜ್ಞೆಯಿಂದ ಹುಟ್ಟದೆ ಒಬ್ಬ ಅಧ್ಯಾಪಕರ ಮನೆಯಲ್ಲಿ ಹುಟ್ಟಿತೆಂಬುದು ನೆನಪಿಡಬೇಕಾದ ಸಂಗತಿ. ಆದರೆ ಪುರಾಣದ ಅಶರೀರವಾಣಿಯ ನೆನಪು ತರುವ ಆ ಹೆಸರಿನಲ್ಲೇ ಒಂದು ಎಚ್ಚರಿಕೆಯೂ ಅಡಗಿದೆ. ಅಶರೀರವಾಣಿ ಹೇಳಿದ್ದನ್ನು ಕೇಳಬೇಕೇ ಹೊರತು ಅದಕ್ಕೆ ಮರುಪ್ರಶ್ನೆ ಹಾಕುವಂತಿಲ್ಲ.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಕೆನಡಾ ದೇಶದ ರೈತರ ಬಾನುಲಿ ಕೂಟಗಳ ಮಾದರಿಯಲ್ಲಿ, ಯುನೆಸ್ಕೋದ ನೆರವಿನಿಂದ, 1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿಗರು ವಾರಕ್ಕೆರಡು ಬಾರಿ ಒಂದೆಡೆ ಕೂಡಿ ಕಾರ್ಯಕ್ರಮ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವುದು - ಇದು ಅದರ ಕ್ರಮ. ನಮ್ಮ ಬೀದಿಯ ಜಗಲಿಯ ‘ಆದರೆ’ಗೆ ಅಲ್ಲಿ ಒಂದು ವಿಳಾಸ ದೊರಕಿತ್ತು.

ಈಗ ನನ್ನ ತಪ್ಪಿನ ವಿಷಯ. ಎಂಬತ್ತರ ದಶಕದ ಆರಂಭದಲ್ಲಿ ನೀರಾವರಿಯನ್ನು ಕುರಿತ ಒಂದು ಬಾನುಲಿ ಚರ್ಚೆಗೆ ನಾನು ಸಂಯೋಜಕನಾಗಿದ್ದೆ. ಒಬ್ಬ ಎಂಜಿನಿಯರು, ಒಬ್ಬ ಅರ್ಥಶಾಸ್ತ್ರದ ಉಪನ್ಯಾಸಕರು, ಜೊತೆಗೆ ನಮ್ಮ ತಾಲ್ಲೂಕಿನ ನಾಲೆಯೊಂದರ ಕೊನೆಯಂಚಿನ ಹಳ್ಳಿಯ ರೈತರೊಬ್ಬರು. ಎಂಜಿನಿಯರು ಅಂಕಿಅಂಶಗಳನ್ನು ಕೊಟ್ಟರು. ಉಪನ್ಯಾಸಕರು ಇತಿಹಾಸ ಹೇಳಿದರು. ಇಬ್ಬರೂ ಚೆನ್ನಾಗಿಯೇ ಮಾತನಾಡಿದರು. ರೈತರ ಸರದಿ ಬಂದಾಗ ಗಡಿಯಾರದಲ್ಲಿ ಉಳಿದಿದ್ದುದು ಒಂದು ನಿಮಿಷಕ್ಕೂ ಕಡಿಮೆ. “ನೀರು ಬಿಟ್ಟಿದ್ದು ದಿಟ ಸ್ವಾಮಿ. ಆದರೆ ನಮ್ಮ ತೂಬಿಗೆ ಬರೋ ಹೊತ್ತಿಗೆ...” ಎಂದು ಅವರು ಆರಂಭಿಸಿದ್ದಷ್ಟೇ. ನಾನು ನಯವಾಗಿ ವಂದನೆ ಹೇಳಿ ಚರ್ಚೆಯನ್ನು ಮುಗಿಸಿದೆ. ಸಮಯಕ್ಕೆ ಸರಿಯಾಗಿ ಮುಗಿಸಿದೆನೆಂಬ ಹೆಮ್ಮೆಯೂ ನನಗಿತ್ತು.

ಹಿಂದಿರುಗುವಾಗ ಇಬ್ಬರೂ ಒಂದೇ ರೈಲಿನಲ್ಲಿ ಕುಳಿತಿದ್ದೆವು. ಸಾಗರಕಟ್ಟೆಯ ಸೇತುವೆಯ ಕೆಳಗೆ ಕನ್ನಂಬಾಡಿಯ ಹಿನ್ನೀರು ತುಂಬಿ ನಿಂತಿತ್ತು. ಅದನ್ನೇ ನೋಡುತ್ತ ಅವರೆಂದರು: “ರೇಡಿಯೋದಲ್ಲೂವೆ ನಮ್ದು ಕೊನೇ ತೂಬೇ ಆಯ್ತಲ್ಲ ಮೇಷ್ಟ್ರೇ.” ಮಾತಿನಲ್ಲಿ ಕೋಪವಿರಲಿಲ್ಲ, ನಗುವೂ ಇರಲಿಲ್ಲ. ಊರು ಬರುವವರೆಗೆ ಅವರು ತಮ್ಮ ಅರ್ಧ ವಾಕ್ಯವನ್ನು ಪೂರ್ತಿ ಮಾಡಿದರು. ಬಿಟ್ಟ ನೀರಿನ ಲೆಕ್ಕ ಕಟ್ಟೆಯ ಬಳಿಯ ಪುಸ್ತಕದಲ್ಲಿದೆ, ಮುಟ್ಟಿದ ನೀರಿನ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಮೇಲಿನವರು ರಾತ್ರಿ ತೂಬು ಎತ್ತಿಕೊಳ್ಳುತ್ತಾರೆ, ಕೆಳಗಿನವನ ಒಟ್ಲು ಒಣಗುತ್ತದೆ. ಅಂದಿನ ಚರ್ಚೆಯ ಸಾರವೆಲ್ಲ ಅಲ್ಲಿತ್ತು. ಅದು ಪ್ರಸಾರವಾಗಲೇ ಇಲ್ಲ.

ನಮ್ಮ ಹಳೆಯ ಕೆರೆಗಳ ಏರ್ಪಾಡಿನಲ್ಲಿ ನೀರುಗಂಟಿ ಎಂಬವನಿದ್ದ. ಸರದಿ ತಪ್ಪದಂತೆ ಗದ್ದೆಗದ್ದೆಗೆ ನೀರು ಹಾಯಿಸುವುದು ಅವನ ಕಾಯಕ. ಚರ್ಚೆಯ ಸಂಯೋಜಕನೂ ಒಬ್ಬ ನೀರುಗಂಟಿಯೇ ಎಂಬುದು ನನಗೆ ಹೊಳೆದದ್ದು ಆ ರೈಲಿನಲ್ಲಿ. ಅಲ್ಲಿಂದೀಚೆಗೆ ನಾನು ನಡೆಸಿದ ಚರ್ಚೆಗಳಲ್ಲೆಲ್ಲ ವಿಷಯವನ್ನು ಮೈಯಲ್ಲಿ ಅನುಭವಿಸಿದವರಿಂದಲೇ ಆರಂಭಿಸಿದ್ದೇನೆ. ಆ ರೈತರು ಈಗಿಲ್ಲ. ಈ ತಿದ್ದುಪಡಿಯನ್ನು ಅವರಿಗೆ ಹೇಳುವ ಭಾಗ್ಯ ನನಗೆ ಒದಗಲಿಲ್ಲ.

ವ್ಯಕ್ತಿಯ ಈ ತಪ್ಪನ್ನು ಪ್ರಭುತ್ವವೂ ಮಾಡಬಲ್ಲದು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಬಾನುಲಿ ಒಂದೇ ಕಡೆಯ ಮಾತನ್ನಾಡಿತು. ಆಗ ಜಗಲಿಯ ‘ಆದರೆ’ ಕೂಡ ಪಿಸುಮಾತಾಯಿತು. 1977ರ ಲೋಕಸಭಾ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳಿಗೆ ಬಾನುಲಿಯಲ್ಲಿ ಮೊದಲ ಬಾರಿಗೆ ಕಾಲಾವಕಾಶ ದೊರೆಯಿತು. ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು. ಹೊಳೆಯ ನೀರು ಎಲ್ಲರದೆನ್ನುವುದು ಸುಲಭ. ಕೊನೆಯ ಗದ್ದೆಗೆ ಅದನ್ನು ಮುಟ್ಟಿಸುವುದು ಬೇರೆಯೇ ಕೆಲಸ.

ಆ ಕೆಲಸ ಅಲ್ಲಲ್ಲಿ ನಡೆದಿದೆ. ನಮ್ಮ ಜಿಲ್ಲೆಯ ಕಾಡಂಚಿನ ಸರಗೂರಿನಲ್ಲಿ 2012ರಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ತಲೆಯೆತ್ತಿತು. ಸುತ್ತಲಿನ ಹಳ್ಳಿ ಹಾಡಿಗಳ ಜನ ತಮ್ಮ ನುಡಿಯಲ್ಲಿ ತಾವೇ ಮಾತನಾಡಲೆಂಬುದು ಅಂಥ ಕೇಂದ್ರಗಳ ಆಶಯ. ದೂರವಾಣಿಯ ಮೂಲಕ ಕೇಳುಗರೇ ಪ್ರಶ್ನೆ ಹಾಕುವ ನೇರ ಪ್ರಸಾರಗಳೂ ಬಂದಿವೆ. ಇನ್ನೊಂದೆಡೆ, ದೂರದರ್ಶಕದ ಪರದೆಯ ಮೇಲೆ ಎಲ್ಲರೂ ಒಟ್ಟಿಗೆ ಕೂಗುವುದೇ ಚರ್ಚೆಯೆನಿಸಿಕೊಂಡಿದೆ. ಅಲ್ಲಿ ತೂಬುಗಳೆಲ್ಲ ಒಮ್ಮೆಗೇ ತೆರೆದಿವೆ, ಗದ್ದೆ ಕೊಚ್ಚಿಹೋಗುತ್ತಿದೆ.

ನಾನು ಈಗ ಆಡಿದ್ದೂ ಒಬ್ಬನೇ ಕುಳಿತು ಆಡಿದ ಮಾತು. ನಿಮ್ಮ ಮರುಮಾತು ನನಗೆ ಕೇಳಿಸದು. ಆದಕಾರಣ ಒಂದು ಪ್ರಾರ್ಥನೆ. ರೇಡಿಯೋ ಆರಿಸಿದ ಮೇಲೆ ಮನೆಯವರಲ್ಲೋ ನೆರೆಯವರಲ್ಲೋ ಯಾರಾದರೊಬ್ಬರು “ಅದೆಲ್ಲಾ ಸರಿ, ಆದರೆ...” ಎಂದು ತೊಡಗಲಿ. ಈವರೆಗೆ ಬಾಯಿ ತೆರೆಯದವರಿಗೆ ಮೊದಲ ಸರದಿ ಸಿಗಲಿ.

(ಬಾನುಲಿ ಭಾಷಣ: ಆಕಾಶವಾಣಿಯ ಕೃಪೆ)